ತಲೆಯಲ್ಲಿ ಕುಳಿತ ಹಾಡನ್ನು ಇಳಿಸುವ ಬಗೆ

ಶಿರಸಿ ಸೀಮೆಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರಿಗೆ, ಮರುದಿನ ಅಡಿಕೆ ಸುಲಿಯಲು ಕುಳಿತಾಗ, ಭಾಗವತರ ಪದದ ಒಂದೇ ಸಾಲು ಚಂಡೆಯ ಪೆಟ್ಟಿನೊಡನೆ ಮತ್ತೆ ಮತ್ತೆ ಸುತ್ತಿ ಬರುವ ಅನುಭವ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಬಲವಂತವಾಗಿ ಹತ್ತಿಕ್ಕಬೇಡಿ. ಬೇಡವೆಂದಷ್ಟೂ ಅದು ಗಟ್ಟಿಯಾಗುತ್ತದೆ.

ಹೆಚ್ಚಾಗಿ ಕಾಡುವುದು ಹಾಡಿನ ತುಣುಕೇ ಹೊರತು ಇಡೀ ಹಾಡಲ್ಲ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದಿದ್ದರು. ಆದ್ದರಿಂದ ಆ ಪದದ ಧ್ವನಿಮುದ್ರಣವನ್ನು ಹುಡುಕಿ, ಮೊದಲ ಸಾಲಿನಿಂದ ಮುಕ್ತಾಯದವರೆಗೆ ಕೇಳಿ, ಮರೆತ ಸಾಲುಗಳನ್ನು ತುಂಬಿಕೊಂಡು ಒಮ್ಮೆ ಬಾಯಿಬಿಟ್ಟು ಹಾಡಿಬಿಡಿ. ನನ್ನ ಮಟ್ಟಿಗೆ ಇದೇ ಮೊದಲ ಮದ್ದು.

ಚೂಯಿಂಗ್ ಗಮ್ ಅಗಿದರೂ ಇಂಥ ಹಾಡು ತಗ್ಗುತ್ತದೆಂದು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಮನಸ್ಸಿನಲ್ಲೇ ಹಾಡುವುದಕ್ಕೂ ಮಾತಿನ ಅಂಗಗಳಿಗೂ ನಂಟಿರುವುದರಿಂದ, ಅಗಿಯುವ ದವಡೆ ಅದಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಿವರಣೆ. ಆದರೆ ಇದೇ ನೆಪದಲ್ಲಿ ಕವಳ ಹಾಕುವುದು ಖಂಡಿತ ಬೇಡ, ಅಡಿಕೆ ಮತ್ತು ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ದಾರಿ.

ಪದಬಂಧ, ಸುಡೋಕು ಕೂಡ ನೆರವಾಗುತ್ತವೆ. ತೀರ ಸುಲಭವಾದದ್ದನ್ನಾಗಲಿ ತೀರ ಕಠಿಣವಾದದ್ದನ್ನಾಗಲಿ ಆರಿಸಬೇಡಿ, ಮನಸ್ಸು ಕೆಲಸ ಬಿಟ್ಟು ಮತ್ತೆ ಹಾಡಿಗೇ ಮರಳುತ್ತದೆ.