ಇಎಸ್‌ಎಕ್ಸ್‌ಐ ಹೋಸ್ಟ್ 'ಕಂಪ್ಲಯಂಟ್' ಆಗದಿದ್ದರೆ ಏನು ಮಾಡಬೇಕು?

ಇಎಸ್‌ಎಕ್ಸ್‌ಐ ಎಂದರೆ ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮೆಷಿನ್ (ವಿಎಂ) ನಡೆಸುವ ವಿಎಂವೇರ್ ಸಾಫ್ಟ್‌ವೇರ್; ಅದು ಇರುವ ಯಂತ್ರವೇ ಹೋಸ್ಟ್. ಹೋಸ್ಟ್‌ನಲ್ಲಿ ಬೇಕಾದ ಪ್ಯಾಚ್‌ಗಳೆಲ್ಲ ಇದ್ದರೆ, ಅಪ್‌ಡೇಟ್ ನೋಡಿಕೊಳ್ಳುವ ಲೈಫ್‌ಸೈಕಲ್ ಮ್ಯಾನೇಜರ್ ಅದನ್ನು 'ಕಂಪ್ಲಯಂಟ್' ಎನ್ನುತ್ತದೆ. ಕೆಂಪು ಗುರುತು ಕಂಡ ಕೂಡಲೇ ರಿಮೀಡಿಯೇಟ್ (ಪ್ಯಾಚ್ ಹಾಕುವ ಬಟನ್) ಒತ್ತಬೇಡಿ. ಮೊದಲು ಸ್ಥಿತಿ ಯಾವುದೆಂದು ಓದಿ. 'ಅನ್‌ನೋನ್' ಇದ್ದರೆ ಪರಿಶೀಲನೆ ಪೂರ್ತಿಯಾಗಿಲ್ಲ, ಮತ್ತೆ ಓಡಿಸಿದರೆ ಸಾಕು. 'ನಾನ್-ಕಂಪ್ಲಯಂಟ್' ಎಂದರೆ ಪ್ಯಾಚ್ ಬಾಕಿ ಇದೆ. 'ಇನ್‌ಕಂಪ್ಯಾಟಿಬಲ್' ಇದ್ದರೆ ಅಡ್ಡ ಬಂದದ್ದನ್ನು ತೆಗೆಯದೆ ಪ್ಯಾಚ್ ಹಾಕಲು ಬರುವುದಿಲ್ಲ.

ಹಸಿರು ಗುರುತನ್ನೂ ಸುಮ್ಮನೆ ನಂಬಬೇಡಿ. 2025ರ ಏಪ್ರಿಲ್‌ನಲ್ಲಿ ವಿಎಂವೇರ್‌ನ ಒಡೆಯ ಬ್ರಾಡ್‌ಕಾಮ್ ಹಳೆಯ ಡೌನ್‌ಲೋಡ್ ವಿಳಾಸಗಳನ್ನು ಮುಚ್ಚಿ, ಗ್ರಾಹಕರಿಗೆ ಪ್ರತ್ಯೇಕ ಟೋಕನ್ ಇರುವ ವಿಳಾಸ ಕೊಟ್ಟಿತು. ಅದನ್ನು ಲೈಫ್‌ಸೈಕಲ್ ಮ್ಯಾನೇಜರ್‌ನಲ್ಲಿ ಬದಲಿಸದಿದ್ದರೆ ಹೊಸ ಪ್ಯಾಚ್ ಬರುವುದೇ ಇಲ್ಲ. ಆಗ ಹಳೆಯ ಪಟ್ಟಿಗೆ ಹೋಲಿಸಿ 'ಕಂಪ್ಲಯಂಟ್' ಎಂದೇ ತೋರಿಸುತ್ತದೆ. ಹೋಸ್ಟ್‌ನ ಬಿಲ್ಡ್ ಸಂಖ್ಯೆಯನ್ನು ಬ್ರಾಡ್‌ಕಾಮ್ ಪಟ್ಟಿಯೊಂದಿಗೆ ತಾಳೆ ನೋಡಿ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐಆರ್ಗ್ಸ್ ರಾನ್ಸಮ್‌ವೇರ್ ಹೆಚ್ಚಾಗಿ ಹಿಡಿದದ್ದು ಹಳೆಯ, ಪ್ಯಾಚ್ ಹಾಕದ ಹೋಸ್ಟ್‌ಗಳನ್ನೇ.

'ಇನ್‌ಕಂಪ್ಯಾಟಿಬಲ್'ಗೆ ಸಾಮಾನ್ಯ ಕಾರಣ ಸರ್ವರ್ ತಯಾರಕರ ಇಮೇಜ್ (ಸಿದ್ಧ ಇನ್‌ಸ್ಟಾಲ್ ಕಡತ) ಬಿಟ್ಟುಹೋದ ಹಳೆಯ ಡ್ರೈವರ್ ವಿಐಬಿ (ಇಎಸ್‌ಎಕ್ಸ್‌ಐಗೆ ಸೇರಿಸುವ ಸಾಫ್ಟ್‌ವೇರ್ ಪ್ಯಾಕೇಜ್). ಅದರ ಹೆಸರು ಹೋಸ್ಟ್‌ನ ಇಎಸ್‌ಎಕ್ಸ್‌ಅಪ್‌ಡೇಟ್ ಲಾಗ್‌ನಲ್ಲಿ ಸಿಗುತ್ತದೆ. ನೆಟ್‌ವರ್ಕ್ ಕಾರ್ಡ್ ಅಥವಾ ಸ್ಟೋರೇಜ್ ಅಡಾಪ್ಟರ್ ಆ ಡ್ರೈವರನ್ನು ಬಳಸುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಬಳಸುತ್ತಿದ್ದರೆ ತೆಗೆದ ಮೇಲೆ ಹೋಸ್ಟ್ ಕೈಗೇ ಸಿಗದಿರಬಹುದು. ನಂತರ ಹೋಸ್ಟನ್ನು ಮೇಂಟೆನೆನ್ಸ್ ಮೋಡ್‌ಗೆ (ವಿಎಂಗಳಿಲ್ಲದೆ ದುರಸ್ತಿಗೆ ಬಿಟ್ಟ ಸ್ಥಿತಿ) ಹಾಕಿ, ಡ್ರೈ-ರನ್ (ಏನೂ ಬದಲಿಸದ ಪರೀಕ್ಷೆ) ಮಾಡಿ, ಆಮೇಲೆ ವಿಐಬಿ ತೆಗೆದು ರೀಬೂಟ್ ಮಾಡಿ. ಫೋರ್ಸ್ ಆಯ್ಕೆ ಬೇಡವೇ ಬೇಡ: ಅದು ಅವಲಂಬನೆಯ ಪರಿಶೀಲನೆಯನ್ನೇ ದಾಟಿಬಿಡುತ್ತದೆ. ಹೋಸ್ಟ್‌ನಲ್ಲಿರುವುದೇ ಹೊಸ ಆವೃತ್ತಿಯಾಗಿದ್ದು ಕ್ಲಸ್ಟರ್‌ನ (ಹೋಸ್ಟ್‌ಗಳ ಗುಂಪಿನ) ಇಮೇಜ್ ಹಳೆಯದಾಗಿದ್ದರೆ, ಇಮೇಜನ್ನು ಮೇಲೆತ್ತಿ. ಹೋಸ್ಟ್‌ಗಳನ್ನೆಲ್ಲ ನಿರ್ವಹಿಸುವ ವಿಸೆಂಟರ್ ಮಾತ್ರ ಯಾವಾಗಲೂ ಹೋಸ್ಟ್‌ಗಿಂತ ಮೊದಲು ಅಪ್‌ಡೇಟ್ ಆಗಿರಬೇಕು.

ಮೇಂಟೆನೆನ್ಸ್ ಮೋಡ್‌ಗೆ ಹೋಗುವಾಗಲೇ ಸಿಕ್ಕಿಕೊಂಡರೆ ಪಾಸ್‌ಥ್ರೂ ಸಾಧನ (ವಿಎಂಗೆ ನೇರವಾಗಿ ಕೊಟ್ಟ ಹಾರ್ಡ್‌ವೇರ್), ಹೋಸ್ಟ್‌ನದೇ ಡಿಸ್ಕ್‌ನಲ್ಲಿದ್ದು ವಿಎಂಗೆ ಜೋಡಿಸಿದ ಐಎಸ್‌ಒ (ಡಿಸ್ಕ್ ಇಮೇಜ್ ಕಡತ), ವಿಎಂಗಳನ್ನು ಬೇರೆಬೇರೆ ಇಡುವ ನಿಯಮ ಇವುಗಳನ್ನು ಹುಡುಕಿ. ಎರಡೇ ಹೋಸ್ಟ್‌ಗಳ ಕ್ಲಸ್ಟರ್‌ನಲ್ಲಿ ಎಚ್‌ಎ ಅಡ್ಮಿಷನ್ ಕಂಟ್ರೋಲ್ (ಹೋಸ್ಟ್ ಕೆಟ್ಟರೆ ಬೇಕಾಗುವ ಜಾಗ ಕಾಯ್ದಿಡುವ ವ್ಯವಸ್ಥೆ) ಅನ್ನು ಕೆಲಸ ಮುಗಿಯುವವರೆಗೆ ನಿಲ್ಲಿಸಬೇಕಾಗಬಹುದು.

ಇನ್ನೊಂದು ಕಾಟ: ಪ್ಯಾಚ್ ಯಶಸ್ವಿ ಎನ್ನುತ್ತದೆ, ರೀಬೂಟ್ ಆದ ಮೇಲೆ ಹಳೆಯ ಬಿಲ್ಡೇ ಇರುತ್ತದೆ. ಬೂಟ್‌ಬ್ಯಾಂಕ್ (ಇಎಸ್‌ಎಕ್ಸ್‌ಐ ಬೂಟ್ ಆಗುವ ಕಡತಗಳ ಜಾಗ) ಲಿಂಕ್ ಎತ್ತ ಹೋಗುತ್ತಿದೆ ನೋಡಿ. ಅದು ಟೆಂಪ್ ಫೋಲ್ಡರಿಗೆ ಹೋಗುತ್ತಿದ್ದರೆ ಹೋಸ್ಟ್ ತನ್ನ ಬೂಟ್ ಸಾಧನವನ್ನೇ ಕಳೆದುಕೊಂಡಿದೆ. ಬರೆದದ್ದು ಮೆಮೊರಿಯಲ್ಲೇ ಉಳಿದು ಅಳಿಸಿಹೋಗುತ್ತದೆ. ಎಸ್‌ಡಿ ಕಾರ್ಡ್ ಅಥವಾ ಯುಎಸ್‌ಬಿಯಿಂದ ಬೂಟ್ ಆಗುವ ಯಂತ್ರಗಳಲ್ಲಿ ಇದು ಮಾಮೂಲು. ಎಷ್ಟು ಸಲ ರಿಮೀಡಿಯೇಟ್ ಮಾಡಿದರೂ ಪ್ರಯೋಜನವಿಲ್ಲ. ಕನಿಷ್ಠ 32 ಜಿಬಿಯ ಎಸ್‌ಎಸ್‌ಡಿ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿ.