ಮುತ್ತಜ್ಜನ ಹೆಸರು ಪಹಣಿಯಲ್ಲೇ ಇರಬಹುದು

ಮನೆತನದ ಹಿಂದಿನ ತಲೆಮಾರು ಹುಡುಕುವವರು ಮೊದಲು ಊರಿನ ಜಮೀನಿನ ಸರ್ವೆ ನಂಬರ್ ಬರೆದಿಟ್ಟುಕೊಳ್ಳಿ. ಮಾರಿಹೋದ ಜಮೀನಾದರೂ ಪರವಾಗಿಲ್ಲ. ಜನನ ಪ್ರಮಾಣಪತ್ರ ಅಜ್ಜಂದಿರ ಕಾಲಕ್ಕೆ ಸಿಗೋದು ಕಷ್ಟ, ಆದ್ರೆ ಕಂದಾಯ ಕಟ್ಟಿದವರ ಹೆಸರನ್ನು ಸರ್ಕಾರ ಮರೆಯೋದಿಲ್ಲ ಅಲ್ವಾ!

ಆ ಸರ್ವೆ ನಂಬರಿನ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ (ಆರ್‌ಟಿಸಿ) ತೆಗೆಸಿ. ಅದರ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 'ತಿಮ್ಮಯ್ಯ ಬಿನ್ ಕೆಂಚಯ್ಯ' ಅಂತಿದ್ದರೆ ಕೆಂಚಯ್ಯನ ಮಗ ತಿಮ್ಮಯ್ಯ. 'ಕೋಂ' ಅಂತಿದ್ದರೆ ಹೆಂಡತಿ. ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿತು. ಪಕ್ಕದ 10ನೇ ಕಾಲಂನಲ್ಲಿ ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಂಬರ್ ಇರುತ್ತದೆ. ಅದನ್ನು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿ. ಅದರಲ್ಲೂ 'ಪೌತಿ' ಅಂತ ಇದ್ದರೆ ಬಿಡಲೇಬೇಡಿ. ಯಜಮಾನರು ತೀರಿಕೊಂಡ ಮೇಲೆ ವಾರಸುದಾರರಿಗೆ ಖಾತೆ ಆಗಿದ್ದು ಅದು. ಮಕ್ಕಳ ಹೆಸರು, ಕೆಲವೊಮ್ಮೆ ವಂಶವೃಕ್ಷವೇ ಜೊತೆಗಿರುತ್ತದೆ. ನಮ್ಮ ಅಜ್ಜನಿಗೆ ಇನ್ನೊಬ್ಬ ತಮ್ಮ ಇದ್ದರು ಅಂತ ನನಗೆ ಗೊತ್ತಾಗಿದ್ದು ಇಂಥ ಒಂದು ಹಾಳೆಯಿಂದ.

ಹಳೇ ಕೈಬರಹ ಓದೋಕೆ ಆಗದಿದ್ದರೆ ಊರಿನ ಹಿರಿಯರೊಬ್ಬರನ್ನು ಕರ್ಕೊಂಡು ಹೋಗಿ. ಒಂದೇ ಹೆಸರಿನವರು ಊರಲ್ಲಿ ಮೂರ್ನಾಲ್ಕು ಜನ ಇರ್ತಾರೆ, ಸುಮ್ನೆ ಹೆಸರು ನೋಡಿ ನಮ್ಮವರೇ ಅಂದ್ಕೋಬೇಡಿ. ಸರ್ವೆ ನಂಬರ್, ತಂದೆ ಹೆಸರು ಎರಡೂ ತಾಳೆಯಾಗಬೇಕು.

ಉತ್ತರ ಕರ್ನಾಟಕದವರಾದರೆ ನಿಮ್ಮ ಮನೆತನದ ಹೆಳವರು ಯಾರು ಅಂತ ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಬಂದು, ವಂಶದ ಹೆಸರುಗಳನ್ನು ಹೇಳಿ, ಕಾಳುಕಡಿ ಪಡೆದು ಹೋಗುವವರು ಅವರು. ಬಂದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮೊದಲು ಅವರನ್ನೊಂದು ಮಾತು ಕೇಳಿ.