ಫಾರಿನ್ ಟ್ರಿಪ್‌ಗೆ ಹಳೇ ರೀಲ್ ಕ್ಯಾಮೆರಾ: ಕೊಳ್ಳೋ ಮುಂಚೆ ಹಿಂದಿನ ಬಾಗಿಲು ತೆಗೆದು ನೋಡ್ರಿ

ಕೊಪ್ಪಳ ಕಡೆಯಿಂದ ಫಾರಿನ್‌ಗೆ ಹೊಂಟ ಹುಡುಗರು ಈಗೀಗ ರೀಲ್ (ಫಿಲ್ಮ್) ಕ್ಯಾಮೆರಾ ಹುಡುಕಾಕತ್ಯಾರ, ಖುಷಿ ಆಗ್ತೈತಿ. ಆದ್ರ ಆನ್‌ಲೈನ್‌ನಾಗ ಥಳಥಳ ಹೊಳಿಯೋ ಬಾಡಿ ನೋಡಿ ರೊಕ್ಕ ಕಳಿಸ್ತಾರ, ಹೊರಡೋ ಹಿಂದಿನ ರಾತ್ರಿ ರೀಲ್ ಹಾಕ್ತಾರ, ವಾಪಸ್ ಬಂದು ತೊಳಿಸಿದ್ರ ಎಲ್ಲಾ ಖಾಲಿ.

ಮಾಡೆಲ್ ಆರಿಸಾಕ ಬಾಳ ತಲಿ ಕೆಡಿಸ್ಕೋಬ್ಯಾಡ್ರಿ. ಅಡ್ಡಾಡೋದು ಜಾಸ್ತಿ ಇದ್ರ ಒಲಿಂಪಸ್ ಟ್ರಿಪ್ 35, 1967ರಾಗ ಬಂದಿದ್ದು, ಸೆಲ್ಲೇ ಬೇಕಿಲ್ಲ. ಎಲ್ಲಾ ಕೈಯಿಂದ ಸೆಟ್ ಮಾಡೋ ಆಸೆ ಇದ್ರ 1976ರ ಪೆಂಟಾಕ್ಸ್ ಕೆ1000, ಸೆಲ್ ಸತ್ತರೂ ಬೆಳಕು ಅಳಿಯೋ ಮೀಟರ್ ಅಷ್ಟ ನಿಲ್ತೈತಿ, ಶಟರ್ ನಡೀತೈತಿ. ಯಾಶಿಕಾ ಎಲೆಕ್ಟ್ರೋ 35 ಲೆನ್ಸ್ ಚೊಲೋ ಐತಿ, ಆದ್ರ ಅದರ ಮೂಲ ಮರ್ಕ್ಯುರಿ ಸೆಲ್ ಈಗ ತಯಾರಾಗಂಗಿಲ್ಲ, ಸೆಲ್ ಇಲ್ಲಂದ್ರ ಎಷ್ಟೇ ಕತ್ತಲಿದ್ರೂ 1/500 ಸೆಕೆಂಡ್ ಸ್ಪೀಡ್‌ನಾಗಷ್ಟ ಹೊಡೀತೈತಿ. ಗೊತ್ತಿಲ್ಲದ ಊರಿಗೆ ಅದನ್ನ ಒಯ್ಯಬ್ಯಾಡ್ರಿ.

ಇನ್ನ ಚೆಕ್ ಮಾಡೋದು, ಇಲ್ಲೇ ಎಲ್ಲರೂ ಎಡವೋದು. ಹಿಂದಿನ ಬಾಗಿಲು ತೆಗೀರಿ. ಅಂಚಿಗೆ ಕಪ್ಪು ಸ್ಪಂಜ್ ಇರ್ತೈತಿ, ಬೆರಳು ಹಚ್ಚಿದ್ರ ಡಾಂಬರಿನಂಗ ಅಂಟಿದ್ರ ಅದು ಕೊಳೆತೈತಿ, ಬೆಳಕು ಒಳಗ ನುಗ್ಗಿ ಫೋಟೋದ ಮ್ಯಾಲೆ ಕೆಂಪು-ಕಿತ್ತಳಿ ಪಟ್ಟಿ ಬರ್ತಾವ. ಸ್ಪಂಜ್ ಬದಲಿ ಮಾಡಬಹುದು, ಅಷ್ಟಕ್ಕ ಕ್ಯಾಮೆರಾ ಬಿಡಬ್ಯಾಡ್ರಿ, ರೇಟ್ ಇಳಿಸ್ರಿ. ಮುಂದ, ಲೆನ್ಸ್‌ಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡೀರಿ. ಸಣ್ಣ ಧೂಳು ಪರವಾಗಿಲ್ಲ, ಜೇಡರ ಬಲೆಯಂಗ ಎಳೆ ಕಂಡ್ರ ಅದು ಫಂಗಸ್, ಸೀದಾ ವಾಪಸ್ ಕೊಡ್ರಿ. ಕೆ1000 ಆದ್ರ ಶಟರ್ 1 ಸೆಕೆಂಡಿಗೆ ಇಟ್ಟು ಒತ್ರಿ, ನಡುವ ಸಿಕ್ಕೊಂಡ್ರ ಒಳಗಿನ ಗ್ರೀಸ್ ಒಣಗೈತಿ ಅಂತ. ಟ್ರಿಪ್ 35 ಆದ್ರ ಲೆನ್ಸಿನ ರಿಂಗ್ ‘ಎ’ (ಆಟೋ)ಗೆ ಇಟ್ಟು ಲೆನ್ಸ್ ಸುತ್ತಿನ ಮೀಟರನ್ನ ಅಂಗೈಯಿಂದ ಮುಚ್ಚಿ ಒತ್ರಿ: ಕಣ್ಣಿಟ್ಟು ನೋಡೋ ಕಿಂಡಿಯಾಗ ಕೆಂಪು ತುಂಡು ಎದ್ದು ಶಟರ್ ಲಾಕ್ ಆಗಬೇಕು. ಕೈ ತೆಗೆದು ಬಿಸಿಲಿಗೆ ಹಿಡಿದ್ರ ಶಟರ್ ಸಲೀಸಾಗಿ ಬೀಳಬೇಕು. ಬಿಸಿಲಾಗೂ ಕೆಂಪು ಎದ್ರ ಮೀಟರ್ ಸತ್ತೈತಿ, ಮಾರೋರು “ಸೆಲ್ ಹಾಕ್ರಿ ಸರಿ ಆಗ್ತೈತಿ” ಅಂದ್ರ ನಂಬಬ್ಯಾಡ್ರಿ, ಅದಕ್ಕ ಸೆಲ್ ಹಾಕೋ ಜಾಗಾನೇ ಇಲ್ಲ.

ರೀಲ್ ಹೊಸದ ತಗೊಳ್ರಿ. ‘ವಿಂಟೇಜ್ ಲುಕ್’ ಅಂತ ಡೇಟ್ ಮುಗಿದ ರೀಲ್ ಮಾರ್ತಾರ, ಅದನ್ನ ಮುಟ್ಟಲೇಬ್ಯಾಡ್ರಿ. ಹಾಕಿದ ಮ್ಯಾಲೆ ಹಿಂದಕ್ಕ ಸುತ್ತೋ ಹಿಡಿಕಿಯಿಂದ ರೀಲ್ ಮೆಲ್ಲಗ ಬಿಗಿ ಮಾಡಿ ಒಂದು ಫೋಟೋದಷ್ಟು ಮುಂದಕ್ಕ ಸರಿಸ್ರಿ, ಹಿಡಿಕಿನೂ ತಿರುಗಿದ್ರಷ್ಟ ರೀಲ್ ಹಲ್ಲಿಗೆ ಸಿಕ್ಕೈತಿ. ಒಂದು ರೀಲ್ ಇಲ್ಲೇ ಗವಿಮಠದ ಗುಡ್ಡದ ಮ್ಯಾಲೆ ಹೊಡೆದು, ತೊಳಿಸಿ, ಪ್ರಿಂಟ್ ನೋಡಿ ಆಮ್ಯಾಲೆ ಟಿಕೆಟ್ ಬ್ಯಾಗಿಗೆ ಹಾಕ್ರಿ. ನಮ್ಮ ಬ್ಯಾಸಗಿಯಾಗ ರೀಲ್ ಇರೋ ಬ್ಯಾಗ್ ಕಾರಿನಾಗ ಬಿಡಂಗಿಲ್ಲ.

ಏರ್‌ಪೋರ್ಟಿನಾಗ ರೀಲ್ ಚೆಕ್-ಇನ್ ಲಗೇಜಿಗೆ ಹಾಕಬ್ಯಾಡ್ರಿ, ಆ ಎಕ್ಸ್‌ರೇ ಜೋರು, ರೀಲ್ ಹಾಳಾಗ್ತೈತಿ. ಕೈಚೀಲದಾಗ ಇಡ್ರಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಾಗ ಹಾಕಿ “ಕೈಯಿಂದ ಚೆಕ್ ಮಾಡ್ರಿ” ಅಂತ ಕೇಳ್ಕೊಳ್ರಿ, ಹೊಸ ಸಿ.ಟಿ. (CT) ಎಕ್ಸ್‌ರೇ ಸ್ಕ್ಯಾನರ್ ಇದ್ದಲ್ಲಿ ಇದು ಬೇಕೇ ಬೇಕು. ಕ್ಯಾಮೆರಾದಾಗ ಅರ್ಧ ಮುಗಿದ ರೀಲ್ ಇದ್ರ ಅದನ್ನೂ ಹೇಳ್ರಿ, ಇಲ್ಲಾಂದ್ರ ಬಾಗಿಲು ತೆಗೆದು ನೋಡ್ತಾರ, ಬೆಳಕು ಬಡಿದು ರೀಲ್ ಹಾಳಾಗ್ತೈತಿ.